ಬೂಟಿನ ಮೇಲೆ ಮಲಗುವ ಮರಿ

ಯಂತ್ರ ಮತ್ತೊಮ್ಮೆ ಕೀಂ ಎಂದಿತು. ಪಶುವೈದ್ಯೆ ಅದರ ಪುಟ್ಟ ಪರದೆಯನ್ನೂ ಮೇಜಿನ ಮೇಲಿದ್ದ ಕಾಗದವನ್ನೂ ಬೆರಳಿಟ್ಟು ಹೋಲಿಸಿ ನೋಡಿ, ಕನ್ನಡಕವನ್ನು ಹಣೆಗೇರಿಸಿದರು.

“ನಂಬರ್ ಹೊಂದ್ತಿಲ್ಲ. ಈ ಕಾಗದ ಈ ಮರಿದಲ್ಲಮ್ಮ.”

ಮರಿ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಮೇಜಿನ ಅಂಚನ್ನು ನೆಕ್ಕುತ್ತಿತ್ತು. ಅದನ್ನು ಎರಡೂ ಕೈಯಿಂದ ಹಿಡಿದಿದ್ದ ಮಗಳು ಅಮ್ಮನ ಮುಖ ನೋಡಿದಳು.

ಅಮ್ಮ ಫೈಲನ್ನು ಮತ್ತೆ ಬಿಚ್ಚಿದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಅವಳದು. ಎಡಗಣ್ಣಿನದನ್ನು ಬಲಗಣ್ಣಿಗೆ ಕೂರಿಸಿದರೆ ಗಿರಾಕಿ ಮೆಟ್ಟಿಲಿಳಿಯುವಾಗ ಮುಗ್ಗರಿಸುತ್ತಾನೆ. ಹಾಗಾಗಿ ಲ್ಯಾಬ್ರಡಾರ್ ಮರಿ ತರುವ ಮುಂಚೆಯೇ ಅವರಿವರನ್ನು ಕೇಳಿ ಎಲ್ಲವನ್ನೂ ಪಡೆದು ಜೋಡಿಸಿದ್ದಳು: ಅಜ್ಜ ಮುತ್ತಜ್ಜರವರೆಗಿನ ವಂಶಾವಳಿ, ನೋಂದಣಿ ಪತ್ರ, ಲಸಿಕೆಯ ಪುಸ್ತಕ, ತಾಯಿನಾಯಿಯ ಸೊಂಟದ ಎಕ್ಸ್‌ರೇ ವರದಿ, ಮಾರಿದಾಕೆಯ ಸಹಿಯಿದ್ದ ಕರಾರು. “ನಮ್ಮ ಮದುವೆಗೂ ಇಷ್ಟು ಕಾಗದ ಇರ್ಲಿಲ್ಲ ಕಣೆ,” ಎಂದು ಗಂಡ ನಕ್ಕಿದ್ದ. “ನನ್ನ ಮುತ್ತಜ್ಜನ ಹೆಸರು ನನಗೇ ಗೊತ್ತಿಲ್ಲ. ಇದರದ್ದು ನೋಡು!” ಮಾಲೀಕರ ಹೆಸರು ಬದಲಾಯಿಸುವ ಅರ್ಜಿಯೊಂದು ಬಾಕಿಯಿತ್ತು. ಅದನ್ನು ಕಳಿಸುವ ಮೊದಲು ಮರಿಯ ಚರ್ಮದಡಿಯ ಗುರುತಿನ ಚಿಪ್ ಓದಿಸಿ ವೈದ್ಯರ ಸಹಿ ಪಡೆಯಲೆಂದೇ ಇವತ್ತು ಬಂದಿದ್ದರು.

ಕಾಗದದಲ್ಲಿ ಮರಿಯ ಹೆಸರು ಸಿಲ್ವರ್ ಮೂನ್ ಡ್ಯೂಕ್. ಮನೆಯಲ್ಲಿ ಮೂಟೆ. ಹೊಸ ಶಾಲೆಯಲ್ಲಿ ಎದ್ದು ನಿಂತು ಪಾಠ ಓದು ಎಂದರೆ ಗಂಟಲು ಕಟ್ಟಿ ಒಂದಕ್ಷರ ಹೊರಡದ ಮಗಳು, ಮೂಟೆ ಬಂದ ಮೇಲೆ ಸಂಜೆ ಹೊತ್ತು ಅದನ್ನು ತೊಡೆಯ ಮೇಲೆ ಹಾಕಿಕೊಂಡು ಪುಸ್ತಕ ತೆರೆಯುತ್ತಿದ್ದಳು. ಅದರ ಕಿವಿಗಷ್ಟೇ ಕೇಳುವಂತೆ ಓದುತ್ತಿದ್ದಳು. ಅಮ್ಮ ಬಾಗಿಲ ಬಳಿ ಬಂದರೆ ನಿಲ್ಲಿಸಿಬಿಡುತ್ತಿದ್ದಳು. ಅಮ್ಮ ಬಾಗಿಲ ಬಳಿ ಹೋಗುವುದನ್ನೇ ಬಿಟ್ಟಿದ್ದಳು.

ವೈದ್ಯೆ ಮರಿ ಮಾರಿದ ಹೊಲಿಗೆಯಾಕೆಗೆ ಫೋನ್ ಹಚ್ಚಿ ಮೇಜಿನ ಮೇಲಿಟ್ಟರು. ಆ ಕಡೆ ಹೊಲಿಗೆ ಯಂತ್ರದ ಸದ್ದು ಫಕ್ಕನೆ ನಿಂತಿತು.

“ಅಯ್ಯೋ, ನನ್ನ ಬುದ್ಧಿಗಿಷ್ಟು! ಎಲ್ಲಾ ಮರಿನೂ ಒಂದೇ ಥರ ಇವೆ ಅಂತ ಕತ್ತಿಗೆ ಬಣ್ಣದ ದಾರ ಕಟ್ಟಿದ್ದೆ ಡಾಕ್ಟ್ರೇ. ಚಿಪ್ ಹಾಕ್ಸಿ, ಕಾಗದ ಎಲ್ಲಾ ಮಾಡ್ಸಿ ಆಗಿತ್ತು. ಕಳಿಸೋ ಮುಂಚೆ ಚೆಂದ ಕಾಣ್ಲಿ ಅಂತ ಸ್ನಾನ ಮಾಡ್ಸೋಕೆ ಬಿಚ್ಚಿದೆ. ತಿರುಗಿ ಕಟ್ಟುವಾಗ ಕೆಂಪುದಾರ ಹಸಿರಿನದಕ್ಕೆ ಹೋಗಿರ್ಬೇಕು. ಹಸಿರು ಈ ಅಮ್ಮಂದು, ಕೆಂಪುದಾರದ್ದು ಗಾರ್ಡ್ ತಾತ ಆರಿಸಿಟ್ಟಿದ್ದ ಮರಿ. ಅವರ ಮನೆ ನಿಮ್ಮ ಆಸ್ಪತ್ರೆ ಹಿಂದೇನೇ. ಇದನ್ನ ಇಡ್ಬೇಡಿ, ಇನ್ನೊಂದು ಫೋನಿಂದ ಈಗ್ಲೇ ಬರೋಕೆ ಹೇಳ್ತೀನಿ.”

ಮಗಳು ಮೂಟೆಯನ್ನು ಮೇಜಿನಿಂದೆತ್ತಿ ಎದೆಗವಚಿಕೊಂಡಳು. “ಕೊಟ್ಟುಬಿಡ್ಬೇಕಾ ಅಮ್ಮ?”

“ತಾತ ಬರಲಿ ಪುಟ್ಟಿ. ಅವರ ಮಾತೂ ಕೇಳೋಣ,” ಎಂದಳು ಅಮ್ಮ.

ರೈಲಿನಲ್ಲಿ ಗಾರ್ಡ್ ಆಗಿ ದುಡಿದು ನಿವೃತ್ತನಾಗಿದ್ದ ಮುದುಕ ಬುಟ್ಟಿಯನ್ನೂ ಒಂದು ಫೈಲನ್ನೂ ಹಿಡಿದು ಬಂದ. ಬುಟ್ಟಿಯಲ್ಲಿ ಅಚ್ಚು ಮೂಟೆಯಂಥದೇ ಮರಿ. ಮುದುಕನ ಬೂಟು ಮುಖ ಕಾಣುವಷ್ಟು ಹೊಳೆಯುತ್ತಿತ್ತು. ವೈದ್ಯೆ ಅವನ ಮರಿಯ ಮೇಲೂ ಯಂತ್ರ ಆಡಿಸಿ ತಲೆಯಲ್ಲಾಡಿಸಿದರು. ಅದೇ ಡ್ಯೂಕ್. ಮೂಟೆ ಮುದುಕನ ಕಾಗದದಲ್ಲಿದ್ದ ಪ್ರಿನ್ಸ್.

“ಹಂಗಾದ್ರೆ ನನಗೆ ಅನ್ಸಿದ್ದು ಸರಿ,” ಎಂದ ಮುದುಕ ಕುರ್ಚಿಯಲ್ಲಿ ಕುಸಿದು. “ಕಣ್ಣು ಬಿಟ್ಟಿದ್ದ ಹೊಸತರಲ್ಲೇ ಹೋಗಿ ನೋಡಿದ್ದೆ. ಒಂದು ಮರಿ ತೆವಳಿಕೊಂಡು ಬಂದು ನನ್ನ ಬೂಟಿನ ಮೇಲೆ ಮಲಗಿಬಿಡ್ತು. ಇಷ್ಟು ಮಂದಿ ಇರುವಾಗ ನನ್ನೇ ಹುಡುಕ್ಕೊಂಡು ಬಂತಲ್ಲಪ್ಪ ಅಂತ ಅದನ್ನೇ ಕೇಳ್ದೆ. ಮನೆಗೆ ಬಂದಿದ್ದು ಬೂಟಿನ ಹತ್ರಾನೂ ಸುಳೀಲಿಲ್ಲ. ಮರೆತುಬಿಡ್ತೇನೋ ಅಂದ್ಕೊಂಡು ಸುಮ್ಮನಾದೆ.”

ಅಮ್ಮ ಮುದುಕನ ಫೈಲಿನತ್ತ ನೋಡಿದಳು. ಈತ ಕೇಳಿದರೆ ಇಲ್ಲವೆನ್ನುವ ಹಾಗಿಲ್ಲ. ಕಾಗದವೂ ಅವನದು, ಮರಿಯನ್ನು ಆರಿಸಿದವನೂ ಅವನು. ಮಗಳ ಪಕ್ಕ ಮೊಣಕಾಲೂರಿ, ಅವಳ ಬೆನ್ನ ಮೇಲೆ ಕೈಯಿಟ್ಟಳು. ಮಗಳು ಮೂಟೆಯನ್ನು ನೆಲಕ್ಕಿಳಿಸಿದಳು. ಮೂಟೆ ಅತ್ತಿತ್ತ ಮೂಸಿ, ನೇರ ಹೋಗಿ ಮುದುಕನ ಬೂಟಿನ ಮೇಲೆ ಗದ್ದವಿಟ್ಟು ಮಲಗಿತು.

ಮುದುಕನ ಕಣ್ಣು ತುಂಬಿ ಬಂತು.

“ತಾತ,” ಎಂದಳು ಮಗಳು. ಗಂಟಲು ಕಟ್ಟಿತು. ಉಗುಳು ನುಂಗಿ ಮತ್ತೆ ಶುರುಮಾಡಿದಳು. ಅಮ್ಮ ನಡುವೆ ಬಾಯಿ ಹಾಕಲಿಲ್ಲ. “ತಾತ, ಅದು ಎಲ್ಲರ ಬೂಟಿನ ಮೇಲೂ ಮಲಗತ್ತೆ. ನಮ್ಮಪ್ಪನ ಶೂ ಮೇಲೂ. ಗ್ಯಾಸ್ ತರೋ ಅಂಕಲ್ ಚಪ್ಪಲಿ ಮೇಲೂ. ಅವರ ಚಪ್ಪಲಿ ತುಂಬಾ ವಾಸನೆ.”

ವೈದ್ಯೆ ಕೆಮ್ಮಿದಂತೆ ಮಾಡಿ ಮುಖ ತಿರುಗಿಸಿದರು.

ಮುದುಕ ಮಗಳನ್ನೇ ನೋಡಿದ. ಆಮೇಲೆ ಮೈ ಕುಲುಕಿಸಿ ನಗತೊಡಗಿದ. “ಗ್ಯಾಸಿನವನ ಚಪ್ಪಲಿ ಮೇಲೂ! ನಾನೊಬ್ಬನೇ ದೊಡ್ಡ ಮನುಷ್ಯ ಅಂದ್ಕೊಂಡಿದ್ದೆನಲ್ಲೇ ತಾಯಿ.”

ಆ ನಗು ಕೇಳಿ ಬುಟ್ಟಿಯಲ್ಲಿದ್ದ ಮರಿ ಎದ್ದು ನಿಂತು ಕುಂಯ್‌ಗುಟ್ಟಿತು. ಮುದುಕ ಯೋಚಿಸದೆಯೇ ಕೈ ಚಾಚಿ ಅದರ ಕಿವಿಯ ಹಿಂದೆ ಕೆರೆದ. “ಇದ್ದೀನಿ ಸಾಹೇಬ್ರೇ, ಎಲ್ಲೂ ಹೋಗಿಲ್ಲ,” ಎಂದು ಅದಕ್ಕೆ ಹೇಳಿ ಅಮ್ಮನತ್ತ ತಿರುಗಿದ. “ಇವನದು ಬೇರೇನೇ ಚಾಳಿ. ನಾನು ಬಚ್ಚಲಿಗೆ ಹೋದ್ರೂ ಬಾಗಿಲ ಹೊರಗೆ ಕೂತಿರ್ತಾನೆ, ಹೊರಗೆ ಬಂದ್ರೆ ಊರಿಂದ ಬಂದವನನ್ನ ಕಂಡ ಹಾಗೆ ಕುಣೀತಾನೆ. ಜೀವಮಾನವೆಲ್ಲಾ ನಾನು ಹಸಿರು ಬಾವುಟ ಹಿಡಿದು ಬೇರೆಯವರನ್ನ ಮನೆಗೆ ಕಳಿಸಿದೆ. ನನಗೋಸ್ಕರ ಬಾಗಿಲಲ್ಲಿ ಕೂತವರು ಇವರೊಬ್ರೇ.”

ಬಗ್ಗಿ, ಮೂಟೆಯನ್ನು ಬೂಟಿನ ಮೇಲಿಂದ ಮೆಲ್ಲಗೆ ಎತ್ತಿದ. ಒಂದು ಕ್ಷಣ ಮುಖದ ಹತ್ತಿರ ಹಿಡಿದು ನೋಡಿ ಮಗಳ ಕೈಗಿಟ್ಟ.

“ಮರಿ ಬದಲಾಯಿಸೋದು ಬೇಡ. ಫೈಲ್ ಬದಲಾಯಿಸೋಣ. ಆಗುತ್ತಾ ಡಾಕ್ಟ್ರೇ?”

“ಅರ್ಜಿ ಇಬ್ರದ್ದೂ ಇನ್ನೂ ಹೋಗಿಲ್ವಲ್ಲ, ಆಗುತ್ತೆ. ಕರಾರು ಮಾತ್ರ ಆಕೆ ಹೊಸದಾಗಿ ಬರ್ಕೊಡ್ಬೇಕು.”

“ಬರ್ಕೊಡ್ತೀನಿ, ಬರ್ಕೊಡ್ತೀನಿ!” ಎಂದಿತು ಮೇಜಿನ ಮೇಲಿದ್ದ ಫೋನು. ಕರೆಯನ್ನು ಯಾರೂ ಕಡಿದಿರಲೇ ಇಲ್ಲ. “ಇಬ್ಬರಿಗೂ ಒಂದೊಂದು ಹಾಸಿಗೆ ಹೊಲ್ಕೊಡ್ತೀನಿ!”

ಅಮ್ಮ ತನ್ನ ಫೈಲನ್ನು ಮೇಜಿನ ಆಚೆಗೆ ಸರಿಸಿದಳು, ಮುದುಕ ತನ್ನದನ್ನು ಈಚೆಗೆ. ವೈದ್ಯೆ ಸಂಖ್ಯೆಗಳನ್ನು ಮತ್ತೆ ಹೋಲಿಸಿ ನೋಡಿ ಸಹಿ ಹಾಕಿದರು. ಬಾಗಿಲಲ್ಲಿ ಮುದುಕ ತಿರುಗಿ ನಿಂತು, “ಭಾನುವಾರ ಬಾರೇ ಪುಟ್ಟಿ, ಅಣ್ಣತಮ್ಮ ಕಚ್ಚಾಡಲಿ. ಬೂಟು ಒಳಗಿಟ್ಟಿರ್ತೀನಿ,” ಎಂದ.

ಸಂಜೆ ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಮೂಟೆ ತೂಕಡಿಸುತ್ತ ಬಂದು ಅವಳ ಚಪ್ಪಲಿಯ ಮೇಲೆ ಅಡ್ಡಾಯಿತು. ಒಲೆಯ ಮೇಲೆ ಹಾಲು ಏರುತ್ತಿತ್ತು. ಅವಳು ಪಾದ ಕದಲಿಸದೆ ಸೊಂಟದಿಂದ ಬಾಗಿ, ಬೆರಳ ತುದಿಯಿಂದ ಉರಿ ಆರಿಸಿದಳು.

ಹಜಾರದಲ್ಲಿ ಪುಸ್ತಕ ತೆರೆದ ಸದ್ದಾಯಿತು. “ಮೂಟೆ,” ಎಂದು ಮಗಳು ಕರೆದಳು. ಮೂಟೆ ಕಿವಿ ಮಾತ್ರ ಅಲ್ಲಾಡಿಸಿತು, ಏಳಲಿಲ್ಲ.

ಮಗಳು ಅದಕ್ಕೆ ಅಲ್ಲಿಗೇ ಕೇಳುವಂತೆ ದನಿ ಎತ್ತರಿಸಿ ಓದತೊಡಗಿದಳು. ಅಮ್ಮ ನಲ್ಲಿ ನಿಲ್ಲಿಸಿ, ಒದ್ದೆ ಕೈ ಹಾಗೇ ಹಿಡಿದುಕೊಂಡು ನಿಂತಳು.