ಹನ್ನೊಂದು ಗಂಟೆಯ ಊಟ

ಗಾಜಿನ ಬಾಗಿಲು ಯಾರೂ ಮುಟ್ಟದೆ ತಾನಾಗಿಯೇ ತೆರೆದುಕೊಂಡಾಗ ಶಕುಂತಲಮ್ಮ ಎರಡು ಹೆಜ್ಜೆ ಹಿಂದಕ್ಕೆ ಸರಿದು ಮಾದಿಯ ತೋಳು ಹಿಡಿದುಕೊಂಡರು. ಹಿಡಿದ ಮೇಲೆ ಏನು ಮಾಡಿದೆನೆಂದು ಅರಿವಾಗಿ ಕೈಯನ್ನು ಮೆಲ್ಲಗೆ ಸೆರಗಿನೊಳಕ್ಕೆ ಎಳೆದುಕೊಂಡರು.

"ಎದ್ರುಕಬ್ಯಾಡಿ ಅವ್ವೋರೆ, ಅದು ಅಂಗೇಯ. ಮನ್ಸ ಬಂದ್ರ ಅದ್ಕ ಗೊತ್ತಾಯ್ತದ," ಎಂದಳು ಮಾದಿ.

"ನೀನು ದಿನಾ ಬಂದೋಗಳಂಗ ಮಾತಾಡ್ತೀಯಲ್ಲಮ್ಮಿ!"

ಮಾದಿ ನಕ್ಕಳು. ಅವಳೂ ಈ ಹೋಟೆಲಿನ ಒಳಗೆ ಕಾಲಿಡುತ್ತಿದ್ದುದು ಇದೇ ಮೊದಲು. ಕೊಯಮತ್ತೂರಿಗೆ ಅವಳು ಏಳೆಂಟು ಸಲ ಬಂದಿದ್ದಳು, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಎನ್ನುವುದೆಲ್ಲ ತಿಳಿದಿತ್ತು. ಆದರೆ ಪ್ರತಿ ಸಲವೂ ಮಗಳು ಮಮತಳ ಬಾಡಿಗೆ ಕೋಣೆಯಲ್ಲಿ ಎರಡು ದಿನ ಇದ್ದು ಹಿಂತಿರುಗುತ್ತಿದ್ದಳು. ತಾನು ಕೆಲಸ ಮಾಡುವ ಈ ಹೋಟೆಲನ್ನು ರಸ್ತೆಯ ಆಚೆ ಬದಿಯಿಂದ ಮಗಳು ತೋರಿಸಿದ್ದಳು, ಅಷ್ಟೆ. ಅಲ್ಲಿ ಕೆಲಸ ಮಾಡುವವರು ವರ್ಷಕ್ಕೊಂದು ಭಾನುವಾರ ಮನೆಯವರಿಬ್ಬರನ್ನು ಊಟಕ್ಕೆ ಕರೆಯಬಹುದೆಂಬ ನಿಯಮವಿದ್ದರೂ, "ಅಷ್ಟು ದೊಡ್ಡೋರ ಮಧ್ಯ ನಾ ಬರನಾರೆ ಕಣವ್ವ" ಎಂದು ಮಾದಿ ತಪ್ಪಿಸಿಕೊಳ್ಳುತ್ತಲೇ ಬಂದಿದ್ದಳು.

ಈ ಸಲ ತಪ್ಪಿಸಿಕೊಳ್ಳಲು ಆಗಲಿಲ್ಲ. ದೊಡ್ಡಗಾಜನೂರಿನ ಶಕುಂತಲಮ್ಮನವರಿಗೆ ಹಲ್ಲು ಕಟ್ಟಿಸುವ ಕೆಲಸವಿತ್ತು. ಮಗ ವೃಷಭೇಂದ್ರನಿಗೆ ಕೋಸಿನ ಕಟಾವು. ಲಾರಿ ಬಂದು ಹೊಲದ ಬದುವಿನಲ್ಲಿ ನಿಂತಿತ್ತು. "ಮಾದಿಗ ಕೊಯಮತ್ತೂರು ಗೊತ್ತು, ತಮಿಳೂ ಬತ್ತದ. ಅವ್ಳ ಜೊತ ಓಗ್ಬುಟ್ಟು ಬಾವ್ವ," ಎಂದಿದ್ದ. ನಸುಕಿನ ಮೊದಲ ಬಸ್ಸಿಗೆ ಹೊರಟು, ಭಾನುವಾರವೂ ತೆರೆದಿರುವ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮುಗಿಸಿದಾಗ ಹತ್ತೂವರೆ. ಇವತ್ತೊಂದು ದಿನ ಮೆತ್ತಗಿನದನ್ನೇ ತಿನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಊರಿನ ಬಸ್ಸಿಗೆ ಇನ್ನೂ ಮೂರು ಗಂಟೆ ಇತ್ತು. ಶಕುಂತಲಮ್ಮನವರಿಗೆ ಹಸಿವಾಗಿತ್ತು. ಅಷ್ಟು ಹೊತ್ತಿಗೆ ಮಮತಳ ಫೋನು ಬಂತು: "ಅವ್ವ, ಇವತ್ತು ನೀ ಬರ್ದೆ ಓದ್ರ ನಾ ಮಾತೇ ಆಡಲ್ಲ. ಅವ್ವೋರ್ನೂ ಕರ್ಕೊಂಡ್ಬಾ."

ಬಾಗಿಲು ದಾಟಿದ ಕೂಡಲೇ ಗೋಡೆಯ ಮೇಲೆ ಚೌಕಟ್ಟು ಹಾಕಿದ ಪತ್ರಿಕೆಯ ಹಾಳೆಯೊಂದಿತ್ತು. ಶಕುಂತಲಮ್ಮ ಅದರ ಮುಂದೆ ನಿಂತುಬಿಟ್ಟರು. ಹಾಳೆಯ ನಡುವೆ ಬಿಳಿ ಕೋಟು, ಬಿಳಿ ಟೋಪಿ ಹಾಕಿಕೊಂಡ ಹೆಂಗಸಿನ ಪಟ.

"ಇದು ನಿನ್ ಮಗ್ಳಲ್ವಾಮ್ಮಿ?"

"ಊಂ ಅವ್ವೋರೆ. ಈ ಊರ್ಲಿ ಭಾನುವಾರ ಊಟಕ್ಕ ಓಗ್ಲೇಬೇಕಾದ ಜಾಗ ಯಾವ್ಯಾವು ಅಂತ ಪೇಪರ್ನೋರು ಬರ್ದವ್ರಂತ. ಇದೇ ಮೊದ್ಲ್ನೇದು."

ಶಕುಂತಲಮ್ಮ ಪಟವನ್ನು ಇನ್ನಷ್ಟು ಹತ್ತಿರದಿಂದ ನೋಡಿದರು. "ತಟ್ಟ ತೊಳ್ಯೋರ ಪಟಾನೂ ಆಕ್ತಾರ ಇವ್ರು?"

ಕುಹಕದ ಮಾತಲ್ಲ ಅದು, ನಿಜವಾಗಿಯೂ ಕೇಳಿದ್ದು. ಹನ್ನೆರಡು ವರ್ಷದ ಹಿಂದೆ ಮಮತ ಈ ಹೋಟೆಲಿಗೆ ಸೇರಿದ್ದು ತಟ್ಟೆ ತೊಳೆಯುವುದಕ್ಕೇ. ಆಗ ಊರಿನವರು ಕೇಳಿದ್ದರು, ಮಾದಿ ಹೇಳಿದ್ದಳು. ಆಮೇಲೆ ಮಗಳು ಕೆಲಸದ ನಡುವೆಯೇ ಅಡುಗೆಯ ಕೋರ್ಸು ಓದಿದಳು, ತರಕಾರಿ ಹೆಚ್ಚುವ ಕಡೆಗೆ ಹೋದಳು, ಒಲೆಯ ಮುಂದೆ ನಿಂತಳು. ಅದನ್ನು ಮತ್ತೆ ಯಾರೂ ಕೇಳಲಿಲ್ಲ. ಕೇಳದವರ ಮನೆಯ ಬಾಗಿಲಿಗೆ ಹೋಗಿ ಹೇಳುವುದು ಹೇಗೆಂದು ಮಾದಿಗೆ ತಿಳಿಯಲಿಲ್ಲ.

ಕಿಟಕಿಯ ಪಕ್ಕದ ಮೇಜಿನ ಮೇಲೆ ತಮಿಳಿನಲ್ಲಿ ಮಮತಳ ಹೆಸರು ಬರೆದ ಚೀಟಿ ಇಟ್ಟಿದ್ದರು. ಸಮವಸ್ತ್ರದ ಹುಡುಗಿಯೊಬ್ಬಳು ಶಕುಂತಲಮ್ಮನವರನ್ನು ಕೂರಿಸಿ, ಎದುರಿನ ಕುರ್ಚಿಯನ್ನು ಮಾದಿಗಾಗಿ ಎಳೆದು ಹಿಡಿದಳು. ಮಾದಿ ನಿಂತೇ ಇದ್ದಳು. ನಲವತ್ತು ವರ್ಷ ಆ ಮನೆಯ ಹೊಲದಲ್ಲಿ ಕಳೆ ಕೀಳುತ್ತಾ, ಚೆಂಡು ಹೂವು ಬಿಡಿಸುತ್ತಾ ನಡೆದ ಕಾಲುಗಳು ಆ ಮನೆಯ ಯಜಮಾನಿಯ ಎದುರು ಬಾಗಲೊಲ್ಲವು. ಅವರಿಬ್ಬರೂ ಒಂದೇ ಎತ್ತರದಲ್ಲಿ ಕೂತಿದ್ದೆಂದರೆ ಬಸ್ಸಿನಲ್ಲಿ ಮಾತ್ರ. ಹುಡುಗಿ ಕುರ್ಚಿ ಹಿಡಿದು ನಗುತ್ತಲೇ ಇದ್ದಳು. ಶಕುಂತಲಮ್ಮ ಕಿಟಕಿಯ ಆಚೆಗೆ ನೋಡುತ್ತಾ, "ಕುಂತ್ಕಮ್ಮಿ, ಎಲ್ರೂ ನೋಡ್ತಾವ್ರ," ಎಂದರು. ಮಾದಿ ಕುರ್ಚಿಯ ತುದಿಯಲ್ಲಿ ಕುಳಿತಳು. ಆಮೇಲೆ ಸ್ವಲ್ಪ ಹಿಂದಕ್ಕೆ ಸರಿದಳು.

ದೊಡ್ಡ ಹಜಾರ ಅದು. ಹಣ್ಣುಗಳನ್ನು ಗೋಪುರದಂತೆ ಜೋಡಿಸಿದ್ದರು. ಒಂದು ಕಡೆ ದೋಸೆ ಹೊಯ್ಯುತ್ತಿದ್ದರು, ಇನ್ನೊಂದು ಕಡೆ ಇಡಿಯಪ್ಪಂ ಶಾವಿಗೆ ಒತ್ತುತ್ತಿದ್ದರು. ಕೇಕು ತುಂಬಿದ ಗಾಜಿನ ಪೆಟ್ಟಿಗೆ ಬೇರೆ. ಹಬ್ಬಕ್ಕೆ ಬಂದವರಂತೆ ಉಟ್ಟುಕೊಂಡ ಜನ ತಟ್ಟೆ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದರು.

"ಇದೇನು, ತಿಂಡಿಯಾ ಊಟವಾ?" ಶಕುಂತಲಮ್ಮ ಕೇಳಿದರು.

"ಎರಡೂವೆ. ಬ್ರಂಚು ಅಂತಾರಂತ. ಬೆಳಗ್ಗ ತಿನ್ನದೆ ಇದ್ದು, ಅನ್ನೊಂದ್ ಗಂಟಗ ಒಂದೇ ಸಲ ತಿನ್ನಾದು."

"ಅಂಗಾದ್ರ ನಮ್ಮೊಲದ ಊಟದೊತ್ತೇಯ."

"ಊಂ," ಎಂದಳು ಮಾದಿ.

ಹೊಲದ ಊಟದ ಹೊತ್ತು. ಕೆಲಸ ನಿಲ್ಲಿಸಿ ಹೊಂಗೆಯ ನೆರಳಿಗೆ ಬರುವಷ್ಟರಲ್ಲಿ ದೊಡ್ಡಮನೆಯಿಂದ ಮುದ್ದೆಯ ಕುಕ್ಕೆ ಬರುತ್ತಿತ್ತು. ಎಷ್ಟೋ ಸಲ ಶಕುಂತಲಮ್ಮನವರೇ ತರುತ್ತಿದ್ದರು. ಊಟ ಹಾಕುವುದರಲ್ಲಿ ಕೈ ಬಿಗಿ ಹಿಡಿದವರಲ್ಲ ಅವರು. ಬಸುರಿಯಾಗಿದ್ದಾಗ ಮಾದಿಗೆ ಒಂದು ಮುದ್ದೆ ಹೆಚ್ಚಿಗೇ ಹಾಕಿದ್ದರು. ಆದರೆ ಅವಳ ತಟ್ಟೆ ಬೇಲಿಯ ಸಂದಿನಲ್ಲಿರುತ್ತಿತ್ತು. ಅದನ್ನು ಅವಳೇ ತೊಳೆದು ತಂದು ಮುಂದೆ ಇಡಬೇಕು, ಮುದ್ದೆ ಮೇಲಿನಿಂದ ಬೀಳಬೇಕು. ಅದು ಹಾಗೆಯೇ ನಡೆದು ಬಂದಿತ್ತು.

ಹಜಾರದ ಮೂಲೆಯಲ್ಲಿ ಎಲ್ಲಕ್ಕಿಂತ ಉದ್ದನೆಯ ಸಾಲಿತ್ತು. ಸಾಲಿನ ತುದಿಯಲ್ಲಿ, ಹಬೆಯ ನಡುವೆ, ಮಮತ. ದೊಡ್ಡ ಪಾತ್ರೆಯನ್ನು ಒಬ್ಬ ಗಂಡಾಳು ಅಲುಗದಂತೆ ಹಿಡಿದಿದ್ದ. ಅವಳು ಎರಡು ಕೈಯಲ್ಲೂ ಕೋಲು ಹಿಡಿದು ಹಿಟ್ಟನ್ನು ತಿರುವುತ್ತಿದ್ದಳು. ಇನ್ನೊಬ್ಬ ಒರಳಲ್ಲಿ ಖಾರ ರುಬ್ಬುತ್ತಿದ್ದ. ಮತ್ತಿಬ್ಬರು ಅವಳು ಕಣ್ಣಲ್ಲಿ ತೋರಿಸಿದ ಕಡೆಗೆ ಓಡುತ್ತಿದ್ದರು.

ಶಕುಂತಲಮ್ಮ ತುಂಬ ಹೊತ್ತು ನೋಡಿದರು. "ಅವ್ಳು ಇಲ್ಲಿ ಅಡ್ಗ ಮಾಡಾದ?"

"ಮಾಡ್ತಾಳ, ಮಾಡುಸ್ತಾಳ."

ಇವರನ್ನು ಕಂಡ ಮಮತ ಕೈ ತೊಳೆದು, ಒಂದು ತಟ್ಟೆಯಲ್ಲಿ ಎಲೆ ಹಾಸಿ, ಮುದ್ದೆ, ಸೊಪ್ಪು ಬಸಿದ ಉಪ್ಸಾರು, ಪಕ್ಕದಲ್ಲಿ ಖಾರದ ಉಂಡೆ ಇಟ್ಟು ತಾನೇ ತಂದಳು. "ಬನ್ನಿ ಅವ್ವೋರೆ, ಅಲ್ಲು ನೋಯ್ತಾ ಅದಾ? ಮುದ್ದ ತಂದಿವ್ನಿ, ಅಗಿಯಂಗಿಲ್ಲ. ಈ ಕಡೆದೆಲ್ಲ ಸೈವವೇ, ಬಾಡು ಸೇರಲ್ಲ," ಎಂದು ತಟ್ಟೆಯನ್ನು ಮುಂದಿಟ್ಟಳು.

ಶಕುಂತಲಮ್ಮನವರ ಕೈ ಮೇಜಿನ ಕೆಳಗೇ ಉಳಿಯಿತು. "ನಂಗ್ಯಾಕವ್ವ ಇದೆಲ್ಲ. ಒಸಿ ಮಜ್ಗ, ಎರಡು ಬಾಳಣ್ಣು ಸಾಕು."

ಮಮತ ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡಳು. "ಆಗ್ಲಿ ಅವ್ವೋರೆ," ಎಂದು ನಗುತ್ತಲೇ ಹೇಳಿ, ಮಜ್ಜಿಗೆ ತರುವಂತೆ ಹುಡುಗಿಗೆ ಸನ್ನೆ ಮಾಡಿ ಒಲೆಯ ಕಡೆಗೆ ಹೋದಳು. ಆ ನಗು ಮಾದಿಗೆ ಚೆನ್ನಾಗಿ ಗೊತ್ತಿತ್ತು; ನಲವತ್ತು ವರ್ಷದಿಂದ ತನ್ನ ಮುಖದ ಮೇಲೂ ಇದ್ದದ್ದು ಅದೇ. ಮಗಳ ಮುಖದಲ್ಲಿ ಅದನ್ನು ಕಂಡದ್ದೇ ಅವಳು ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆ ತಳ್ಳಿದಳು.

"ಅವ್ವೋರೆ," ಎಂದಳು. ದನಿ ತನ್ನದಲ್ಲವೆನ್ನುವಷ್ಟು ಸಮನಾಗಿತ್ತು. "ನೀವು ತಿಂದ್ರೂ ಸರಿ, ಬುಟ್ರೂ ಸರಿ. ನಿಮ್ಮ ಮನಸ್ಗ ಬಂದಂಗ ಮಾಡಿ. ಆದ್ರ ನನ್ ಮಗ್ಳು ಮಾಡಿದ್ನ ತಿನ್ನಾಕ ಇಷ್ಟು ಜನ ಸಾಲ್ಗ ನಿಂತವ್ರ. ನಾನೂ ನಿಂತ್ಕತೀನಿ."

ಖಾಲಿ ತಟ್ಟೆ ತೆಗೆದುಕೊಂಡು ಎದ್ದಳು. ಮಗಳನ್ನು ಕೂಗಿದ್ದರೆ ಮೇಜಿಗೇ ಬರುತ್ತಿತ್ತು. ಕೂಗಲಿಲ್ಲ. ಸಾಲಿನ ಕೊನೆಗೆ ಹೋಗಿ ನಿಂತಳು.

ಅಲ್ಲಿ ನಿಂತಾಗ ಅವಳಿಗೆ ಒಂದು ಮಾತು ಮತ್ತೆ ಮತ್ತೆ ಕೇಳಿಸಿತು. ಖಾರ ರುಬ್ಬುವವನು "ಚೆಫ್" ಎಂದ, ಸೊಪ್ಪು ಬಸಿಯುವವನು "ಚೆಫ್, ಇಷ್ಟು ಸಾಕಾ?" ಎಂದ. ಕೋಟು ಹಾಕಿದ ಮ್ಯಾನೇಜರೂ ಬಂದು ಹಾಗೆಯೇ ಕರೆದ. ಎಲ್ಲರೂ ಕರೆಯುತ್ತಿದ್ದದ್ದು ತನ್ನ ಮಗಳನ್ನು.

ಅವಳ ಮುಂದಿದ್ದ ನರೆಗೂದಲಿನ ಯಜಮಾನರು ತಮಿಳಿನಲ್ಲಿ ಮಮತಳನ್ನು ಕೇಳಿದರು: "ನಾನು ಬರ್ತಿರೋದು ಇದು ಮೂರನೇ ಭಾನುವಾರ ಕಣಮ್ಮ. ಈ ಸಾರು ನಿನಗೆ ಯಾವ ಕಾಲೇಜಿನಲ್ಲಿ ಕಲಿಸಿದರು?"

"ಕಾಲೇಜಿನಲ್ಲಿ ಅಲ್ಲ ಸಾರ್. ತಾಳವಾಡಿ ಬೆಟ್ಟದಲ್ಲಿ, ನಮ್ಮಮ್ಮ ಕಲಿಸಿದ್ದು," ಎಂದಳು ಮಮತ. "ನಿಮ್ಮ ಹಿಂದೆ ನಿಂತಿದ್ದಾರೆ, ನೋಡಿ."

ಯಜಮಾನರು ತಿರುಗಿದರು. ಮಾದಿಯನ್ನು ನೋಡಿ, ತಟ್ಟೆಯನ್ನು ಎಡಗೈಗೆ ಬದಲಾಯಿಸಿಕೊಂಡು, ಪಕ್ಕಕ್ಕೆ ಸರಿದು ಜಾಗ ಬಿಟ್ಟರು. "ಮೊದಲು ನೀವು ತಗೊಳ್ಳಿ," ಎಂದರು. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ನೋಡಿದರು. ಮಾದಿಗೆ ತಲೆ ತಗ್ಗಿಸಬೇಕೆನ್ನಿಸಿತು. ತಗ್ಗಿಸಲಿಲ್ಲ.

ಮಮತ ಅವಳ ತಟ್ಟೆಗೆ ಮುದ್ದೆ ಇಟ್ಟಳು. ಮೇಲಿನಿಂದ ಹಾಕಲಿಲ್ಲ; ಬಾಗಿ, ಎರಡು ಕೈಯಲ್ಲೂ ಮೆಲ್ಲಗೆ ಇಟ್ಟಳು. ಮಾದಿ ಅಲ್ಲೇ ನಿಂತು ಖಾರವನ್ನು ಬೆರಳ ತುದಿಯಲ್ಲಿ ನಾಲಿಗೆಗೆ ಹಚ್ಚಿಕೊಂಡಳು.

"ಬೆಳ್ಳುಳ್ಳಿ ಸುಟ್ಟು ಆಕಿದ್ದೀಯಾ?"

"ನೀ ಆಕಂಗೇಯ ಕಣವ್ವ."

"ಅದೇನಮ್ಮಿ ಅದು, ಎಲ್ರೂವೆ ಚೆಪ್ಪು ಚೆಪ್ಪು ಅಂತಾವ್ರ?"

"ಅಡ್ಗ ಮನಗ ಯಜಮಾನ್ತಿ ಅಂತ," ಎಂದಳು ಮಗಳು.

ಪಕ್ಕದಲ್ಲಿದ್ದ ಹೆಂಗಸೊಬ್ಬಳು ಮುದ್ದೆಯನ್ನು ಚಮಚದಿಂದ ಕತ್ತರಿಸಲು ಹೆಣಗುತ್ತಾ, ಇದನ್ನು ತಿನ್ನುವುದು ಹೇಗೆಂದು ಕೇಳಿದಳು. ಮಾದಿ ತಮಿಳಿನಲ್ಲಿ, "ಚಮಚ ಇಡಿ ಕೆಳಗೆ. ಕೈ ಯಾಕಿದೆ?" ಎಂದು ಒಂದು ತುತ್ತು ಮುರಿದು, ಬೆರಳಲ್ಲಿ ಗುಳಿ ಮಾಡಿ, ಸಾರಿನಲ್ಲಿ ಅದ್ದಿ ನುಂಗಿ ತೋರಿಸಿದಳು. ಆ ಹೆಂಗಸು ನುಂಗಲು ಹೋಗಿ ಅಗಿದುಬಿಟ್ಟಳು. ಸುತ್ತ ನಿಂತವರು ನಕ್ಕರು. ಎಲ್ಲರಿಗಿಂತ ಜೋರಾಗಿ ಮಾದಿಯೇ ನಕ್ಕಳು. "ಇನ್ನೊಂದು ಸಲ," ಎಂದು ಮೇಷ್ಟರಂತೆ ಹೇಳಿದಳು.

ಮೇಜಿಗೆ ಮರಳಿದಾಗ ಎದುರಿನ ಕುರ್ಚಿ ಖಾಲಿ. ಮಜ್ಜಿಗೆಯ ಲೋಟ ಅರ್ಧ ಮುಗಿದಿತ್ತು. ಹೊರಗೆ ಹೋಗಿ ದಾರಿ ತಪ್ಪಿಸಿಕೊಂಡರೇನೋ ಎಂದು ಮಾದಿ ಸುತ್ತ ನೋಡಿದಳು. ಶಕುಂತಲಮ್ಮ ಸಾಲಿನಲ್ಲಿದ್ದರು. ಚಡ್ಡಿ ತೊಟ್ಟ ಯುವಕನೊಬ್ಬನ ಹಿಂದೆ, ಎಲ್ಲರಿಗಿಂತ ಕೊನೆಯಲ್ಲಿ, ತಟ್ಟೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದರು.

ಹೋಗಿ ಅವರನ್ನು ಮುಂದಕ್ಕೆ ಕರೆದೊಯ್ಯಬೇಕು ಎಂದು ಮಾದಿ ಒಂದು ಹೆಜ್ಜೆ ಇಟ್ಟಳು. ಊರಲ್ಲಾಗಿದ್ದರೆ ನ್ಯಾಯಬೆಲೆ ಅಂಗಡಿಯ ಮುಂದೂ ಅವರು ಸಾಲಿಗೆ ನಿಂತವರಲ್ಲ. ಮಾದಿ ಹಿಂದಿರುಗಿ ಕುಳಿತಳು. ಬಿಸಿ ಆರುವ ಮುನ್ನ ತಿನ್ನತೊಡಗಿದಳು.

ಅವರ ಸರದಿ ಬರಲು ಹತ್ತು ನಿಮಿಷ ಹಿಡಿಯಿತು. ಮಮತ ಏನೋ ಕೇಳಿದಳು, ಅವರು ಏನೋ ಹೇಳಿದರು, ಇಲ್ಲಿಗೆ ಕೇಳಿಸಲಿಲ್ಲ. ಮುದ್ದೆಯ ತಟ್ಟೆ ಹಿಡಿದು, ಚೆಲ್ಲದಂತೆ ಹೆಜ್ಜೆ ಎಣಿಸುತ್ತಾ ಬಂದು ಕುಳಿತರು. ನಾಲ್ಕು ತುತ್ತು ನುಂಗಿದರು. ನೀರು ಕುಡಿದರು.

"ಉಪ್ಪು ಒಸಿ ಕಮ್ಮಿ ಆಗದ ಕಣಮ್ಮಿ."

"ಇಲ್ಲ ಅವ್ವೋರೆ," ಎಂದಳು ಮಾದಿ. "ಸರ್ಯಾಗದ."

ಶಕುಂತಲಮ್ಮ ತಲೆಯೆತ್ತಿ ಅವಳನ್ನು ನೋಡಿದರು. ಮಾದಿ ಕಣ್ಣು ತಪ್ಪಿಸಲಿಲ್ಲ. ಅವರು ಇನ್ನೊಂದು ತುತ್ತು ಮುರಿದು, ಸಾರಿನಲ್ಲಿ ಚೆನ್ನಾಗಿ ಅದ್ದಿ ನುಂಗಿ, ತುಸು ಹೊತ್ತು ಬಾಯಿ ಚಪ್ಪರಿಸಿದರು.

"ಊಂ," ಎಂದರು. "ಸರ್ಯಾಗೇ ಅದ."

ಸಂಜೆ ನಾಲ್ಕೂವರೆಗೆ ಬಸ್ಸು ಬಣ್ಣಾರಿಯ ಚೆಕ್‌ಪೋಸ್ಟ್ ದಾಟಿತು. ಕಂಡಕ್ಟರು ಜವರ, ಗೆಟ್ಟವಾಡಿಯವನು, ಇಬ್ಬರನ್ನೂ ಬಲ್ಲವನು. ಕಂಬಿಗೆ ಒರಗಿ ನಿಂತು ವಿಚಾರಿಸಿದ. "ಎಲ್ಲಿಗ ಓಗಿದ್ರಿ ಅವ್ವೋರೆ?"

"ಅಲ್ಲು ಕಟ್ಟುಸ್ಕಂಡು ಬಂದೊ. ಅಂಗೇಯ ಮಮತನ ಓಟ್ಲಲ್ಲಿ ಊಟ ಮಾಡ್ಕಂಡೊ."

"ಓ, ನಮ್ಮ ಮಾದಕ್ಕನ ಮಗ್ಳು! ಇನ್ನೂ ತಟ್ಟ ತೊಳ್ಕಂಡು ಅಲ್ಲೇ ಅವ್ಳಾ?"

ಶಕುಂತಲಮ್ಮ ಬಾಯಿ ತೆರೆದರು. ಅಷ್ಟರಲ್ಲಿ ಮಾದಿಯೇ ಹೇಳಿದಳು. ಎಂಜಿನ್ನಿನ ಸದ್ದನ್ನೂ ಮೀರಿ, ಹಿಂದಿನ ಸೀಟಿನವರಿಗೂ ಕೇಳಿಸುವಂತೆ ಹೇಳಿದಳು.

"ಇಲ್ಲ ಕಣಪ್ಪ ಜವರ. ಅವ್ಳು ಅಡ್ಗ ಮನಗ ಯಜಮಾನ್ತಿ. ಅವ್ಳ ಕೈ ಕೆಳಗ ನಾಕು ಜನ ಗಂಡಾಳ್ಗಳವ್ರ. ನನ್ನ ಮಗ್ಳ ಕೈಯೂಟಕ್ಕ ಕೊಯಮತ್ತೂರೋರು ಸಾಲ್ಗ ನಿಂತ್ಕತಾರ. ನಾವೂ ನಿಂತ್ಕಂಡೇ ಉಂಡೊ."

ಜವರ ನಂಬಲೋ ಬೇಡವೋ ಎಂಬಂತೆ ಶಕುಂತಲಮ್ಮನವರ ಮುಖ ನೋಡಿದ.

"ಊಂ ಕಣ್ಲಾ," ಎಂದರು ಅವರು. "ನಿಂತ್ಕಂಡೇಯ."

ಬಸ್ಸು ದಿಂಬಂ ಘಾಟಿಯ ಮೊದಲ ತಿರುವಿಗೆ ಬಂದು, ಉಸಿರು ಕಟ್ಟಿಕೊಂಡಂತೆ ನಿಧಾನವಾಗಿ, ಮೇಲಕ್ಕೆ ಹೊರಳಿತು. ಒಳಗಿದ್ದವರೆಲ್ಲ ಒಂದು ಬದಿಗೆ ವಾಲಿದರು. ಕೆಳಗಿನ ಬಯಲು ಮಾದಿಯ ಕಿಟಕಿಯಲ್ಲಿ ತೆರೆದುಕೊಂಡಿತು, ದೂರದ ಮಬ್ಬಿನವರೆಗೂ. ಮುಂದಿನ ತಿರುವಿನಲ್ಲಿ ಬಂಡೆ ಅಡ್ಡ ಬಂದು ಅದು ಮರೆಯಾಯಿತು. ಮಾದಿ ಸೀಟಿನ ಕಂಬಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಕಾದಳು. ಬಸ್ಸು ಮತ್ತೆ ಹೊರಳಿದಾಗ ಬಯಲು ಇನ್ನಷ್ಟು ಅಗಲವಾಗಿ ಆಚೆ ಬದಿಯ ಕಿಟಕಿಗಳಲ್ಲಿ ಹರಡಿತ್ತು.