ಪಕ್ಕದ ಸೀಟಿಗೆ ತಂಪು

ಲಾರಿ ಗ್ಯಾರೇಜಿನೊಳಗೆ ಬಂದು ನಿಲ್ಲುವಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಏಸಿ ಊದುತ್ತಿದ್ದುದು ಬರೀ ಬಿಸಿಗಾಳಿ. ಚಾಲಕ ಇಳಿದವನೇ ಆಚೆ ಬಾಗಿಲಿಗೆ ಓಡಿ, ಹೆಂಡತಿಯನ್ನು ಕೈಹಿಡಿದು ಇಳಿಸಿ, ನೆರಳಿನ ಬೆಂಚಿನ ಮೇಲೆ ಕೂರಿಸಿದ.

ಅವಳಿಗೆ ನರದ ಕಾಯಿಲೆ. ಮೈಗೆ ಸೆಕೆ ಹತ್ತಿದರೆ ಕಾಲುಗಳು ಹೇಳಿದ ಮಾತು ಕೇಳುವುದಿಲ್ಲ. ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಅವನು ಎಲ್ಲಿಗೆ ಹೋದರೂ ಜೊತೆಗೇ ಕರೆದೊಯ್ಯುತ್ತಿದ್ದ. ಏಸಿ ಕೈಕೊಟ್ಟ ಮೇಲೆ, ತಂಗಿಯ ಮನೆಗೆ ಹೋಗಿಬಿಡುತ್ತೇನೆ ಎಂದು ಅವಳೇ ಹಟ ಹಿಡಿದಿದ್ದಳು. ಇವತ್ತೂ ಸರಿಹೋಗದಿದ್ದರೆ ನಾಳೆ ಷಡ್ಡಕ ಬಂದು ಕರೆದೊಯ್ಯುವುದೆಂದು ಮಾತಾಗಿತ್ತು.

ಗ್ಯಾರೇಜಿನವನನ್ನು ಎಲ್ಲರೂ ಚಳಿ ಮೇಸ್ತ್ರಿ ಎನ್ನುತ್ತಿದ್ದರು. ಊರಿನ ಅರ್ಧ ಏಸಿಗಳನ್ನು ರಿಪೇರಿ ಮಾಡಿದವನು ಬೇಸಿಗೆಯಲ್ಲೂ ಮಫ್ಲರ್ ಬಿಚ್ಚುತ್ತಿರಲಿಲ್ಲ.

"ಏಸಿ ಕೆಡೋದು ಓಡುವಾಗಲೋ, ನಿಂತಾಗಲೋ?"

"ಮೊದಮೊದಲು ನಿಂತಾಗ ಮಾತ್ರ. ಈಗ ಏರು ಹತ್ತಿದ್ರೆ ಎಂಜಿನ್ನೂ ಕುದಿಯುತ್ತೆ. ಎರಡು ಸಲ ಗ್ಯಾಸ್ ತುಂಬಿಸಿದೆ, ಮೇಸ್ತ್ರಿ."

ಎಂಜಿನ್ ಆರುವವರೆಗೆ ಮೇಸ್ತ್ರಿ ರೇಡಿಯೇಟರಿನ ಮುಚ್ಚಳ ಮುಟ್ಟಲಿಲ್ಲ. ಆಮೇಲೆ ತೆರೆದು ನೋಡಿದರೆ ನೀರು ಸರಿಯಾಗಿತ್ತು. ಬೆಲ್ಟ್ ಬಿಗಿಯಾಗಿತ್ತು. ಎಂಜಿನ್ ಚಾಲೂ ಮಾಡಿಸಿ, ಏಸಿ ಪೈಪಿಗೆ ಮೀಟರು ಸಿಕ್ಕಿಸಿ ನಕ್ಕುಬಿಟ್ಟ.

"ಗ್ಯಾಸ್ ಕಮ್ಮಿ ಅಲ್ಲಣ್ಣ, ಜಾಸ್ತಿಯಾಗಿದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದಾರೆ."

ಹಳೆ ಪತ್ರಿಕೆಯ ಒಂದು ಹಾಳೆಯನ್ನು ಲಾರಿಯ ಮುಂದಿನ ಜಾಲರಿಗೆ ಹಿಡಿದು ಕೈಬಿಟ್ಟ. ಒಳಗಿನ ಫ್ಯಾನ್ ಎಳೆದು ಅಂಟಿಸಿಕೊಳ್ಳಬೇಕಿದ್ದ ಹಾಳೆ ಜಾರಿ ನೆಲಕ್ಕೆ ಬಿತ್ತು.

"ಫ್ಯಾನ್ ಎಳೀತಿದೆ, ಗಾಳಿ ಬರ್ತಿಲ್ಲ. ಗಾಡಿಗೆ ಮೂಗು ಕಟ್ಟಿದೆ."

ಎಂಜಿನ್ ನಿಲ್ಲಿಸಿ ಜಾಲರಿ ಬಿಚ್ಚಿದರೆ ಒಳಗೊಂದು ತೆಳು ಬಟ್ಟೆ, ಧೂಳು ಹೊಟ್ಟು ಮೆತ್ತಿ ರಟ್ಟಿನಂತಾಗಿತ್ತು. ಅಂಚಿನುದ್ದಕ್ಕೂ ಒತ್ತೊತ್ತಾದ ಕೈಹೊಲಿಗೆ. ಆ ಹೊಲಿಗೆ ಯಾರದೆಂದು ಚಾಲಕನಿಗೆ ಯಾರೂ ಹೇಳಬೇಕಿರಲಿಲ್ಲ. ರೇಡಿಯೇಟರಿಗೆ ಸಿಕ್ಕಿ ಸಾಯುವ ಚಿಟ್ಟೆಗಳನ್ನು ಕಂಡು ಮರುಗುತ್ತಿದ್ದವಳು, ಇವನು ಗಾಡಿ ತೊಳೆಯಲು ಜಾಲರಿ ಬಿಚ್ಚಿಟ್ಟಾಗಲೋ ಏನೋ, ಮನೆಯ ಹಳೆ ಪರದೆ ಕತ್ತರಿಸಿ ಕಟ್ಟಿಬಿಟ್ಟಿದ್ದಳು.

ಅವನು ದನಿ ತಗ್ಗಿಸಿದ. "ಅವಳಿಗೆ ಹೇಳಬೇಡ. ಬೆಲ್ಟ್ ಹೋಗಿತ್ತು ಅಂದುಬಿಡು."

"ಅಂತೀನಿ. ಅಕ್ಕ ಮುಂದಿನ ತಿಂಗಳು ಇನ್ನೊಂದು ಹೊಲೀತಾರೆ. ಆಗ ಯಾವ ಬೆಲ್ಟ್ ಹೋಯ್ತು ಅನ್ನಲಿ?"

"ಹೇಳೋದೇನೂ ಬೇಡ. ಅದು ನಂದೇ." ಲಾರಿಯ ಮೈ ಹಿಡಿದುಕೊಂಡು ಅವಳು ಬಂದು ನಿಂತಿದ್ದಳು. ಬಟ್ಟೆಯನ್ನೂ ಗಂಡನ ಬೆವರಿದ ಮುಖವನ್ನೂ ನೋಡಿದಳು. "ಇಷ್ಟು ದಿನ ನಿಮ್ಮನ್ನ ಬೇಯಿಸ್ತಿದ್ದಿದ್ದು ನಾನೇನಾ?"

"ಮದುವೆಯಾದಾಗಿಂದ ಬೇಯಿಸ್ತಾನೇ ಇದ್ದೀಯ. ಈಗ ಉರಿ ಸ್ವಲ್ಪ ಜಾಸ್ತಿ ಆಯ್ತು, ಅಷ್ಟೆ."

ಅವಳು ನಗಲಿಲ್ಲ. "ನಾನು ತಂಗಿ ಮನೆಗೆ ಹೋಗೋದೇ ಸರಿ ರೀ. ಈ ಕೈ ಸುಮ್ನೆ ಇರಲ್ಲ."

"ನಿನ್ನ ಕೈ ಸುಮ್ನಾದ್ರೇನೇ ನನಗೆ ಭಯ ಕಣೇ."

ಅವಳು ಮುಖ ಆಚೆ ತಿರುಗಿಸಿದಳು. ಮೇಸ್ತ್ರಿಗೆ ಒಮ್ಮೆಲೇ ಸ್ಪಾನರ್ ಹುಡುಕುವ ಕೆಲಸ ನೆನಪಾಯಿತು.

ಹೆಚ್ಚಿದ್ದ ಗ್ಯಾಸನ್ನು ಅವನು ಸಿಲಿಂಡರಿಗೆ ಎಳೆದುಕೊಂಡ. ರೇಡಿಯೇಟರಿಗೆ ಒಳಗಿನಿಂದ ಹೊರಕ್ಕೆ ನೀರು ಬಿಟ್ಟು ಮಣ್ಣು ಇಳಿಸಿದ. ಮತ್ತೆ ಎಂಜಿನ್ ಶುರುವಾದಾಗ ಇನ್ನೊಂದು ಹಾಳೆ ಹಿಡಿದ. ಅದು ಫಟ್ಟನೆ ಅಂಟಿಕೊಂಡಿತು. ಬಹಳ ಹೊತ್ತು ನಿಂತಲ್ಲೇ ಓಡಿಸಿದರೂ ಮುಳ್ಳು ನಡುವಿನಿಂದ ಮೇಲೇರಲಿಲ್ಲ.

ಚಾಲಕ ಅವಳನ್ನು ಪಕ್ಕದ ಸೀಟಿಗೆ ಹತ್ತಿಸಿ ಬಾಗಿಲು ಹಾಕಿದ. ಅವಳು ಗಾಳಿ ಬರುವ ಕಿಂಡಿಗೆ ಅಂಗೈ ಒಡ್ಡಿ ಕೂತಳು. ಆಮೇಲೆ ಗಾಜು ಇಳಿಸಿದಳು.

"ಮೇಸ್ತ್ರಿ, ದೊಡ್ಡ ಕಣ್ಣಿನ ಬಲೆ ಸಿಗುತ್ತಾ? ಹೊರಗಡೆಯಿಂದ ಕಟ್ಟೋ ಅಂಥದ್ದು?"

"ಸಿಗುತ್ತೆ ಅಕ್ಕ. ಆದ್ರೆ ದಿನಾ ಬಿಚ್ಚಿ ಕೊಡವಬೇಕು. ಅಣ್ಣನ್ನ ನಂಬಿಕೊಂಡ್ರೆ ಮತ್ತೆ ಇಲ್ಲಿಗೇ ಬರ್ತೀರಿ."

"ಅವರನ್ನ ಯಾರು ನಂಬ್ತಾರೆ?" ಎಂದು ಅವಳು ಗಾಜು ಏರಿಸಿಕೊಂಡಳು.

ಚಾಲಕ ಜೇಬಿನಿಂದ ಫೋನು ತೆಗೆದು ಷಡ್ಡಕನಿಗೆ ಹಚ್ಚಿದ. "ನಾಳೆ ಬರೋದು ಬೇಡಪ್ಪ," ಎಂದ. "ನಿಮ್ಮ ಅತ್ತಿಗೆಗೆ ಇಲ್ಲಿ ಡ್ಯೂಟಿ ಇದೆ."