ಮಿಸೆಸ್ ಬ್ಯಾಸ್ಕೆಟ್

ನನ್ನ ಹೆಸರು ಇರಬೇಕಾದ ಜಾಗದಲ್ಲಿ ಇನ್ನೊಬ್ಬಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದಾರೆಂದು ನನಗೆ ತಿಳಿದದ್ದು ಸಿಡ್ನಿಯ ಗಿರಾವೀನಿನ ನಮ್ಮ ಅಡುಗೆಮನೆಯಲ್ಲಿ, ರೊಟ್ಟಿ ಬಡಿಯುತ್ತಿದ್ದಾಗ. ಸೊಸೆ ಪ್ರಣತಿ ಅಂದು ನಾರ್ತ್ ಸಿಡ್ನಿಯ ಆಫೀಸಿಗೆ ಹೋಗದೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಮೀಟಿಂಗ್ ಮುಗಿಯುವ ಮೊದಲೇ ಫೋನು ಹಿಡಿದು ಬಂದಳು.

“ಅತ್ತೆ, ನೀವು ಯಾವಾಗ್ಲೂ ಹೇಳ್ತೀರಲ್ಲ, ಆ ಇಂಗ್ಲೆಂಡ್ ಊರು, ಆಕ್ಸ್‌ಕ್ಲಫ್. ಅದಕ್ಕೇ ಒಂದು ಪೇಜ್ ಇದೆ, ಊರಿನ ಹಳೇ ನೆನಪುಗಳು ಅಂತ. ಈ ಫೋಟೋ ನೋಡಿ. ಸೀರೆ ಉಟ್ಕೊಂಡಿರೋದು ನೀವೇ ತಾನೆ?”

ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ನೋಡಿದೆ. ನಾನೇ. ಗಿರಣಿಯ ಅಂಗಳ, ಮಸಿ ಹಿಡಿದ ಕಲ್ಲಿನ ಗೋಡೆ, ಏಪ್ರನ್ ಕಟ್ಟಿಕೊಂಡ ಹೆಂಗಸರು. ಅವರ ನಡುವೆ ಇಳಕಲ್ ಸೀರೆಯ ಮೇಲೆ ಗಂಡನ ಹಳೆಯ ಕೋಟು ಹಾಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತವಳು. ನನ್ನ ಭುಜದ ಮೇಲೆ ಕೈ ಹಾಕಿದವಳು ಡೋರೀನ್, ಪಕ್ಕದ ಮಗ್ಗದವಳು.

“ಎಲ್ಲರ ಹೆಸರೂ ಹಾಕಿದಾರೆ ಅತ್ತೆ. ನಿಮ್ಮ ಕೆಳಗೆ ಮಾತ್ರ ‘ಯಾರೋ ಭಾರತೀಯ ಹೆಂಗಸು’ ಅಂತ ಇದೆ.”

“ಬಸಕ್ಕ ಅಂತ ಬರಿ ಅವರಿಗೆ. ಅದಕ್ಕೇನ್ ಮಹಾ.”

“ತಡೀರಿ, ಇನ್ನೂ ಇದೆ.” ಅವಳು ಓದಿ ಹೇಳಿದಳು. ಗಿರಣಿಯ ಕಟ್ಟಡ ಈಗ ಅಪಾರ್ಟ್‌ಮೆಂಟ್ ಆಗಿದೆ. ಅದರ ಗೋಡೆಯಲ್ಲಿ ಕೊನೆಯ ಕಾಲದ ನೇಕಾರ ಹೆಂಗಸರ ಹೆಸರು ಕೆತ್ತಿದ ಕಲ್ಲು ಕೂರಿಸುತ್ತಾರೆ. ಮುಂದಿನ ವಾರ ಹೆಸರುಗಳು ಕಲ್ಲುಕುಟಿಗನ ಕೈಗೆ ಹೋಗುತ್ತವೆ. ಒಂದು ಹೆಸರಿಗೆ ಮಾತ್ರ ಮುಖ ಸಿಕ್ಕಿಲ್ಲ. ಮಿಸೆಸ್ ಬ್ಯಾಸ್ಕೆಟ್ ಎಂಬುವಳು. ಅವಳ ಕಥೆಗಳನ್ನು ಮಾತ್ರ, ತಮ್ಮ ಅಮ್ಮಂದಿರು ಹೇಳಿದ್ದೆಂದು, ಬೇಕಾದಷ್ಟು ಜನ ಬರೆದಿದ್ದಾರೆ. ಅವಳು ತಂದ ಉಪ್ಪಿನಕಾಯಿ ತಿಂದು ಮೇಸ್ತ್ರಿ ನಲ್ಲಿಯ ಕೆಳಗೆ ಬಾಯಿ ಇಟ್ಟುಕೊಂಡು ಕೂತದ್ದು. ಕಡಿದ ಎಳೆಯನ್ನು ಅವಳು ನೋಡದೆಯೇ ಗಂಟು ಹಾಕುತ್ತಿದ್ದದ್ದು. ಡೋರೀನಳ ಕೂಸು ರಚ್ಚೆ ಹಿಡಿದಾಗ ಯಾರಿಗೂ ತಿಳಿಯದ ಜೋಗುಳ ಹಾಡಿ ಮಲಗಿಸಿದ್ದು.

ನಾನು ನಗತೊಡಗಿದೆ. ನಗುತ್ತ ನಗುತ್ತಲೇ ಅವಳ ತೋಳು ಹಿಡಿದೆ.

“ಪ್ರಣತಿ, ಇದೆಲ್ಲಾ ನಾನ!”

ಆಗಿದ್ದಿಷ್ಟು. ನಮ್ಮದು ಗುಳೇದಗುಡ್ಡದ ನೇಕಾರರ ಮನೆ. ಲ್ಯಾಂಕಶೈರಿನ ಆ ಕಣಿವೆ ಊರಿನ ಗಿರಣಿಗೆ ರಾತ್ರಿಪಾಳಿಗೆ ಆಳು ಬೇಕಾದಾಗ ನಮ್ಮವರು ಹೋದರು, ಹಿಂದಿನಿಂದ ನಾನು ಹೋಗಿ ಹಗಲುಪಾಳಿಗೆ ನಿಂತೆ. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಆ ಶೆಡ್ಡಿನಲ್ಲಿ ಕಿವಿ ಇದ್ದೂ ಇಲ್ಲದ ಹಾಗೆ. ಅಲ್ಲಿಯ ಹೆಂಗಸರು ದನಿ ತೆಗೆಯದೆ, ಬಾಯಿಯನ್ನು ದೊಡ್ಡದಾಗಿ ಆಡಿಸಿ ತುಟಿಯಲ್ಲೇ ಮಾತಾಡುತ್ತಿದ್ದರು. ಅದಕ್ಕೆ ಮೀ-ಮಾ ಎನ್ನುತ್ತಿದ್ದರು. ಇಂಗ್ಲಿಷ್ ನನ್ನ ಕಿವಿಗೆ ಬೀಳುವ ಮೊದಲು ಕಣ್ಣಿಗೆ ಬಿತ್ತು. ಡೋರೀನ್ ಎಂಬುದು ನನಗೆ ‘ದೊರಿ’ ಎಂದೇ ಕಂಡಿತ್ತು. “ಏನಂದಳು ನಿನ್ನ ದೊರಿ?” ಎಂದು ನಮ್ಮವರು ದಿನಾ ಕಿಚಾಯಿಸುತ್ತಿದ್ದರು. ಹಾಗೆಯೇ ನಾನು ತುಟಿಯಲ್ಲಿ ಬಸಕ್ಕ ಎಂದದ್ದು ಅವಳ ಕಣ್ಣಿಗೆ ಬ್ಯಾಸ್ಕೆಟ್ ಎಂದು ಕಂಡಿರಬೇಕು. ಶೆಡ್ಡಿನ ಹೊರಗೂ ಅವರು ಬ್ಯಾಸ್ಕೆಟ್ ಎಂದೇ ಕರೆದರು. ಬಿಳಿಯರ ನಾಲಿಗೆಗೆ ಬಸಕ್ಕ ಹಾಗೆಯೇ ಹೊರಳುವುದೇನೋ ಎಂದು ನಾನು ಓಗೊಟ್ಟೆ. ಬರೆದು ತೋರಿಸಲು ನನಗೆ ಆಗ ಅಕ್ಷರ ಬರುತ್ತಿರಲಿಲ್ಲ. ಗಿರಣಿ ಮುಚ್ಚಿ ನಾಡಿಗೆ ಮರಳಿ ಹುಬ್ಬಳ್ಳಿಯಲ್ಲಿ ನೆಲೆಸಿ, ಇಬ್ಬರು ಮಕ್ಕಳಾದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತದ್ದು ಅದು. ಗಿರಣಿಯ ಆಫೀಸಿನವರಿಗೆ ನಾನು ಗಂಡನ ಅಡ್ಡಹೆಸರಿನ ಒಬ್ಬ ಮಿಸೆಸ್, ಅಷ್ಟೆ. ಈಗ ಪೇಜಿನವರು ಆ ಬ್ಯಾಸ್ಕೆಟ್‌ಗೆ ಒಬ್ಬ ಗಂಡನನ್ನೂ ಬಿಳಿ ಬಣ್ಣವನ್ನೂ ಕೊಟ್ಟು ತಮ್ಮೂರ ಹೆಂಗಸೆಂದು ಸೇರಿಸಿಕೊಂಡಿದ್ದರು. ಆ ಸೀಮೆಯಲ್ಲಿ ಬ್ಯಾಸ್ಕೆಟ್ ಎಂಬ ಅಡ್ಡಹೆಸರು ನಿಜಕ್ಕೂ ಇದೆಯಂತೆ.

“ಹಾಗಾದ್ರೆ ಈಗ್ಲೇ ಕಾಮೆಂಟ್ ಹಾಕ್ತೀನಿ,” ಎಂದ ಪ್ರಣತಿ ಪುಟವನ್ನು ಕೆಳಗೆ ಸರಿಸಿದಳು. “ಅಯ್ಯೋ ಅತ್ತೆ. ಇದೊಂದು ಕೇಳಿ.”

ಕೀತ್ ಬ್ಯಾಸ್ಕೆಟ್ ಎಂಬುವನು ಬರೆದಿದ್ದ. ಅನಾಥಾಲಯದಲ್ಲಿ ಬೆಳೆದವನು. ಅಜ್ಜಿಯ ಹೆಸರು ಮಾಡ್, ಅವಳು ಯಾವುದೋ ನೇಯ್ಗೆ ಗಿರಣಿಯಲ್ಲಿದ್ದಳು, ಇಷ್ಟು ಬಿಟ್ಟು ತನ್ನವರ ಬಗ್ಗೆ ಅವನಿಗೆ ಏನೂ ತಿಳಿಯದು. ‘ಜೀವಮಾನವೆಲ್ಲ ಹುಡುಕಿದೆ. ನನ್ನ ಅಜ್ಜಿಯನ್ನು ಬಲ್ಲವರು ಮೊದಲ ಸಲ ಸಿಕ್ಕಿದ್ದೀರಿ. ಉಪ್ಪಿನಕಾಯಿಯ ಕಥೆ ಓದಿ ಮಗಳೂ ನಾನೂ ನಕ್ಕು ಅತ್ತೆವು. ಕಲ್ಲು ಕೂರಿಸುವ ದಿನ ಹೂವು ತರುತ್ತೇವೆ.’

ತವೆಯ ಮೇಲಿನ ರೊಟ್ಟಿ ಹೊತ್ತಿ ಹೊಗೆಯ ಅಲಾರಂ ಕೂಗಿತು. ಪ್ರಣತಿ ಟವೆಲ್ ಬೀಸುತ್ತ ಅದರ ಕೆಳಗೆ ಕುಣಿದಳು.

ಸಂಜೆ ಮಗ ಸಂಕೇತ ಎಲ್ಲ ಕೇಳಿ, “ಬಿಡ ಯವ್ವಾ. ಯಾವ ಊರೋ, ಯಾವ ಕಲ್ಲೋ. ನೀನೇನ್ ಹೋಗಿ ನೋಡಾಕಿ ಏನು? ಆ ಮನಷ್ಯಾಗ ಒಂದ್ ಅಜ್ಜಿ ಸಿಕ್ಕಾಳ, ಇರಲಿ ಬಿಡು,” ಎಂದ.

ಅವನ ಮಾತು ತಪ್ಪಲ್ಲ. ಇರಲಿ ಬಿಡು ಎಂದು ನಾನೂ ಅಂದುಕೊಂಡೆ. ಆದರೆ ಕೂತಲ್ಲಿ ಕೂರಲಾಗಲಿಲ್ಲ. ಒಣಗಿದ ಬಟ್ಟೆಯನ್ನು ಮತ್ತೆ ಒಣಹಾಕಿದೆ. ನಾನು ನಿಂತು ಕಾಲು ಊದಿಸಿಕೊಂಡ ಮಗ್ಗ ಅದು. ಹತ್ತಿಯ ಧೂಳು ಇಂದಿಗೂ ಕೆಮ್ಮಿನಲ್ಲಿ ಬರುತ್ತದೆ. ಅದನ್ನು ಮಾಡ್ ಎಂಬುವಳು ಕೆಮ್ಮಿದಳೇನು?

ಪ್ರಣತಿ ಪೇಜಿನವರಿಗೆ ಬರೆದಳು. ಅವರ ಉತ್ತರ ಮರ್ಯಾದೆಯಿಂದಲೇ ಇತ್ತು. ಬ್ಯಾಸ್ಕೆಟ್ ಎಂಬ ಹೆಸರು ಕೊಟ್ಟದ್ದು ಡೋರೀನಳ ಮಗಳು, ಹಿಂದೆಂದೋ ತಾಯಿಯ ಬಾಯಿಂದ ಕೇಳಿದ್ದನ್ನು ನೆನೆದು; ಈ ಫೋಟೋವನ್ನು ತಾಯಿಗೆ ಯಾರೂ ತೋರಿಸಿಲ್ಲ. ಆ ಶೆಡ್ಡಿನವರಲ್ಲಿ ಉಳಿದವಳು ಡೋರೀನ್ ಒಬ್ಬಳೇ. ಅವಳು ಹೌದೆಂದರೆ ತಿದ್ದುತ್ತೇವೆ. ಅವಳಿರುವುದು ಈಗ ನೀವಿರುವ ದೇಶದಲ್ಲೇ, ಮೆಲ್ಬರ್ನಿನ ಪಶ್ಚಿಮದ ಒಂದು ವೃದ್ಧಾಶ್ರಮದಲ್ಲಿ.

ನನ್ನ ಮಗಳು ಪಲ್ಲವಿ ಇರುವುದು ಅದೇ ದಿಕ್ಕಿನ ಟ್ರುಗನಿನಾದಲ್ಲಿ. ಮರುದಿನದ ವಿಮಾನಕ್ಕೆ ಟಿಕೆಟ್ ಬುಕ್ ಮಾಡಿಸಿದೆ.

“ಎಷ್ಟ್ ದಿನದಿಂದ ಬಾ ಬಾ ಅಂತ ಬಡಕೊಂಡೆ,” ಎಂದಳು ಪಲ್ಲವಿ, ಏರ್‌ಪೋರ್ಟಿನಿಂದ ಕಾರು ಓಡಿಸುತ್ತ. “ಹೊಸಾ ಮನಿ ಗೃಹಪ್ರವೇಶಕ್ಕ ಮಣಕಾಲ್ ನೋವು. ಮೊಮ್ಮಗಳ ಹುಟ್ಟಿದಹಬ್ಬಕ್ಕ ಮಣಕಾಲ್ ನೋವು. ಆ ಡೋರೀನ್ ಅಂದಕೂಡ್ಲೆ ಮಣಕಾಲು ಜಿಗೀತು ನೋಡು!”

“ನೀ ನನ್ನ ಮಗಳು. ನಿನಗ ನನ್ನ ಹೆಸರು ಗೊತ್ತೈತಿ,” ಎಂದೆ.

ಅವಳು ಬೈಯುವುದನ್ನು ಬಿಟ್ಟು, ಗೋದಾಮುಗಳ ಸಾಲಿನ ನಡುವೆ ಸಾಗುತ್ತಿದ್ದ ಕಾರಿನ ವೇಗ ಸ್ವಲ್ಪ ಹೆಚ್ಚಿಸಿದಳು.

ಡೋರೀನ್ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದಳು. ಗಂಟಲಿನ ಆಪರೇಷನ್ ಆಗಿ ಅವಳ ದನಿ ಹೋಗಿತ್ತು. ಕಿವಿಯನ್ನು ಮಗ್ಗಗಳು ಎಂದೋ ತಿಂದಿದ್ದವು. ಬರೆದು ತೋರಿಸಲೆಂದು ಕೊಟ್ಟ ಬಿಳಿ ಹಲಗೆಯನ್ನು ಮುಟ್ಟುವುದೇ ಇಲ್ಲವೆಂದು ನರ್ಸ್ ಹೇಳಿದಳು. ನನ್ನನ್ನು ಕಂಡವಳೇ ಡೋರೀನ್ ಬಾಯಿ ಅಗಲಿಸಿ ತುಟಿ ಆಡಿಸತೊಡಗಿದಳು. ನರ್ಸಿಗೆ ಅದು ಏದುಸಿರಿನ ಹಾಗೆ ಕಂಡಿರಬೇಕು, ಓಡಿಬಂದಳು. ನನಗೆ ಪ್ರತಿ ಮಾತೂ ಕಂಡಿತು. ಆ ಮಾತನ್ನು ನಮ್ಮೂರ ಮಾತಿನಲ್ಲೇ ಬರೆಯುತ್ತೇನೆ, ನನಗೆ ಅದು ಹಾಗೆಯೇ ಕಾಣುವುದು.

“ಬ್ಯಾಸ್ಕೆಟ್! ಎಷ್ಟ್ ದಪ್ಪ ಆಗೀಯೇ!”

“ನೀ ಒಣಗಿ ಕಡ್ಡಿ ಆಗೀ,” ಎಂದೆ, ನಾನೂ ತುಟಿಯಲ್ಲೇ.

ಪಲ್ಲವಿ ನಮ್ಮಿಬ್ಬರನ್ನೂ ಬೆಪ್ಪಾಗಿ ನೋಡುತ್ತಿದ್ದಳು. ಸದ್ದೇ ಇಲ್ಲದ ಕೋಣೆಯಲ್ಲಿ ಎರಡು ಮುದಿಮುಖಗಳು ಕುಣಿಯುತ್ತಿದ್ದವು. ಯಾರು ಸತ್ತರು, ಯಾರು ಯಾರ ಜತೆ ಓಡಿಹೋದರು, ಎಲ್ಲ ಆಯಿತು. ಆಮೇಲೆ ಕಲ್ಲಿನ ಸುದ್ದಿ, ಕೀತ್ ಬರೆದ ಸುದ್ದಿ ತಿಳಿಸಿ, ನಾನು ಬಂದ ಕೆಲಸ ಹೇಳಿದೆ.

“ನನ್ನ ಹೆಸರು ಬ್ಯಾಸ್ಕೆಟ್ ಅಲ್ಲ, ದೊರಿ.”

“ಅಲ್ಲಂತ ನನಗ ಗೊತ್ತಿಲ್ಲೇನು, ಹುಚ್ಚಿ? ಬುಟ್ಟಿ ಅಂತ ಯಾರರ ಹೆಸರಿಡ್ತಾರೇನು? ನೀ ಬುತ್ತಿನ ಬುಟ್ಯಾಗ ತರ್ತಿದ್ದಿ. ಹುಡಿಗ್ಯಾರು ಅದಕ್ಕ ಹಂಗ ಕರೀತಾರ ಅಂತ ತಿಳಕೊಂಡಿದ್ದೆ. ಮಿಸೆಸ್ ಅಂತ ಹಚ್ಚಿದಾಕಿ ನನ್ನ ಮಗಳು.” ತಡೆದು ಕೇಳಿದಳು, “ಮತ್ತ ಖರೇ ಹೆಸರೇನು?”

ಇಷ್ಟು ವರ್ಷದ ಮೇಲೆ ಕೇಳಿದಳು. ನಾನು ತುಟಿಯನ್ನು ಬಿಡಿಸಿ ಬಿಡಿಸಿ ಆಡಿಸಿದೆ. ಬ, ಸ, ಕ್ಕ.

ಅವಳು ದಿಟ್ಟಿಸಿ ನೋಡಿ, “ಬ್ಯಾಸ್ಕೆಟ್,” ಎಂದಳು.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವಳ ನಗು ಬರೀ ಗಾಳಿ. ನನ್ನ ಹೆಸರಿನ ಅರ್ಧ ಗಂಟಲಿನಲ್ಲಿದೆ, ಅದು ತುಟಿಗೆ ಬರುವುದೇ ಇಲ್ಲ. ಅವಳ ಬೆರಳುಗಳನ್ನು ಎತ್ತಿ ನನ್ನ ಗಂಟಲ ಮೇಲೆ ಇಟ್ಟುಕೊಂಡು ಗಟ್ಟಿಯಾಗಿ ಕೂಗಿದೆ, “ಬಸಕ್ಕ!” ಪಕ್ಕದ ಕೋಣೆಯ ಮುದುಕ ಬಾಗಿಲಿಗೆ ಬಂದ. ಮತ್ತೆ ಕೂಗಿದೆ. ಡೋರೀನಳ ಬೆರಳು ಕ್ಕ ಎಂಬಲ್ಲಿ ಬೆಚ್ಚಿದ ಹಾಗೆ ಎದ್ದಿತು. ತಾನೇ ಕೈ ಚಾಚಿ ಹಲಗೆ ಕೇಳಿದಳು. ಪಲ್ಲವಿ ಒಂದೊಂದೇ ಇಂಗ್ಲಿಷ್ ಅಕ್ಷರ ಬರೆದು ತೋರಿಸಿದಳು. ಡೋರೀನ್ ಅದನ್ನು ಒರೆಸಿ, ತಾನೇ ಬರೆದು, ಹಲಗೆಯನ್ನು ಎದೆಗೆ ಹಿಡಿದು ಕೂತಳು. ಪಲ್ಲವಿ ಫೋಟೋ ತೆಗೆದಳು.

“ಕಳಸಲೇನು ಯವ್ವಾ? ಒಂದ್ ಬಟನ್ ಒತ್ತಿದ್ರ ಮುಗೀತು.”

“ತಡಿ.” ಡೋರೀನಳತ್ತ ತಿರುಗಿದೆ. “ಮಾಡ್ ಅನ್ನಾಕಿ ಯಾರರ ಇದ್ದಳೇನು ನಮ್ಮ ಶೆಡ್ಡಿನ್ಯಾಗ?”

“ಇಲ್ಲ.”

“ಛಲೋತ್ನಂಗ ನೆನಸು.”

“ಇಲ್ಲ ಅಂದ್ನೆಲ್ಲ. ಬ್ಯಾರೇ ಗಿರಣ್ಯಾಗ ಇದ್ದರ ಇದ್ದಾಳು. ಆ ಕಣಿವ್ಯಾಗ ಗಿರಣಿಗೇನ್ ಬರ ಇತ್ತೇ?”

“ಹಂಗಾದ್ರ ಆ ಹುಡುಗ ತರೋ ಹೂವು?”

“ನಿನಗ ಬರ್ತಾವ. ತಗೊ,” ಎಂದಳು ಡೋರೀನ್, ಮುಖದಲ್ಲಿ ನಗು ಇಲ್ಲದೆ.

ಬಸಕ್ಕ, ಬ್ಯಾಸ್ಕೆಟ್, ಎರಡೂ ಹೆಸರು ಕಲ್ಲಿಗೆ ಹಾಕಿಸಿಬಿಡು ಎಂದು ಪಲ್ಲವಿ ಕಾರಿನಲ್ಲಿ ಹೇಳುತ್ತಲೇ ಬಂದಳು. ಹಾಕಿಸಬಹುದಿತ್ತು. ಕೀತ್ ಮಗಳ ಕೈ ಹಿಡಿದು ಆ ಕಲ್ಲಿನ ಮುಂದೆ ನಿಂತು, ನಾನು ಹಾಕಿದ ಉಪ್ಪಿನಕಾಯಿಯನ್ನು ಅಜ್ಜಿಯದೆಂದು ಸಾಯುವವರೆಗೂ ಹೇಳುತ್ತಿದ್ದ. ಅಜ್ಜಿ ಇದ್ದ ನಿಜವಾದ ಜಾಗವನ್ನು ಮತ್ತೆಂದೂ ಹುಡುಕುತ್ತಿರಲಿಲ್ಲ. ಅವಳು ಬೇರೆಲ್ಲೋ ಹೆಸರಿಲ್ಲದೆ ಉಳಿಯುತ್ತಿದ್ದಳು. ಹೆಸರಿಲ್ಲದೆ ಉಳಿಯುವುದೆಂದರೇನೆಂದು ನನಗೆ ಆ ವಾರವಷ್ಟೇ ಗೊತ್ತಾಗಿತ್ತು. ಆದರೂ ಪೇಜಿನಲ್ಲಿ ನಾಲ್ಕು ಜನರ ನಡುವೆ ಓದಿ ಅವನು ತಿಳಿಯುವುದು ಬೇಡವೆನ್ನಿಸಿತು. ಪಲ್ಲವಿ ಪೇಜಿನವರಿಂದ ಅವನ ನಂಬರು ಪಡೆದಳು. ಟ್ರುಗನಿನಾದಲ್ಲಿ ಸಂಜೆ, ಇಂಗ್ಲೆಂಡಿನಲ್ಲಿ ಬೆಳಗು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದೆ.

ಅವನು ಕೇಳಿದ, “ಉಪ್ಪಿನಕಾಯಿ?”

“ನಾನು.”

“ಜೋಗುಳ?”

“ಅದೂ ನಾನೇ.”

“ಕಲ್ಲು ಕೆತ್ತುವವರೆಗಾದರೂ ಸುಮ್ಮನಿರಬಹುದಿತ್ತು ನೀವು,” ಎಂದವನೇ ಫೋನು ಇಟ್ಟ.

ಪಲ್ಲವಿ ನನ್ನ ಮುಖ ನೋಡಿದಳು. “ಈಗ ಕಳಸು,” ಎಂದೆ.

ಸಿಡ್ನಿಗೆ ಮರಳುವಷ್ಟರಲ್ಲಿ ಪೇಜಿನಲ್ಲಿ ಹೆಸರು ಬದಲಾಗಿತ್ತು. ಬಸಕ್ಕ ರಾಂಪುರ, ನೇಕಾರಳು. ಬಿಡು ಬಿಡು ಎಂದಿದ್ದ ಸಂಕೇತನೇ ಅದನ್ನು ತನ್ನ ಆಫೀಸಿನವರಿಗೆಲ್ಲ ಕಳಿಸಿದ. ಪ್ರಣತಿ ಹೋಳಿಗೆ ತರಿಸಿದಳು. ಗಿರಾವೀನಿನ ಆಂಟಿಗಳು ಬಂದು, “ನಮಗೆ ಹೇಳ್ಲೇ ಇಲ್ವಲ್ಲ, ನೀವು ಇಂಗ್ಲೆಂಡ್ ರಿಟರ್ನ್ಡ್ ಅಂತ!” ಎಂದು ರೇಗಿಸಿದರು. ನಾನು ನಕ್ಕೆ. ನನ್ನ ಪಾಲಿನ ಹೋಳಿಗೆ ತಟ್ಟೆಯಲ್ಲೇ ಉಳಿಯಿತು. ಅವರು ಹೋದ ಕೂಡಲೇ, “ಆ ಕೀತ್ ಏನರ ಬರದಾನೇನು ನೋಡು,” ಎಂದು ಪ್ರಣತಿಯನ್ನು ಕಾಡಿದೆ. ಮರುದಿನವೂ ಕಾಡಿದೆ. ಫೋನಿನ ಸದ್ದಾದರೆ ಒಲೆ ಬಿಟ್ಟು ಬರುತ್ತಿದ್ದೆ.

ಒಂದು ಬೆಳಗ್ಗೆ ಅವನ ಬರಹ ಬಂತು. ಪ್ರಣತಿ ಟ್ರೈನಿಗೆ ಹೊರಟವಳು ಬಾಗಿಲಲ್ಲೇ ನಿಂತು ಓದಿದಳು. ‘ಅಂದು ಒರಟಾಗಿ ಮಾತಾಡಿದೆ, ಕ್ಷಮಿಸಿ. ನೀವು ದೂರದಿಂದಲೇ ತುಟಿ ಓದುತ್ತಿದ್ದಿರೆಂದು ಪೇಜಿನಲ್ಲಿ ಬರೆದಿದ್ದಾರೆ. ನಿಮ್ಮ ಶೆಡ್ಡಿನಲ್ಲದಿದ್ದರೂ ರಸ್ತೆಯಲ್ಲಿ, ಬಸ್ಸಿಗೆ ನಿಂತಾಗ, ಬೇರೆ ಗಿರಣಿಯ ಗೇಟಿನಲ್ಲಿ, ಯಾರಾದರೂ ಯಾರನ್ನಾದರೂ ಮಾಡ್ ಎಂದು ಕರೆದದ್ದನ್ನು ಕಂಡಿದ್ದೀರಾ?’

“ಪಾಪ. ಏನಂತ ರಿಪ್ಲೈ ಮಾಡ್ಲಿ ಅತ್ತೆ? ಇಲ್ಲ ಅಂತ ಹೇಳ್ಬಿಡ್ಲಾ?”

“ಬ್ಯಾಡ. ಹುಡುಕಾಕತ್ತಾಳ ಅಂತ ಬರಿ.”

ಅವಳು ಹೋದ ಮೇಲೆ ಚಪ್ಪಲಿ ಮೆಟ್ಟಿ ಪಾರ್ಕಿನ ಕಡೆ ನಡೆದೆ. ಗಿರಾವೀನಿನ ರಸ್ತೆಯಲ್ಲಿ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ನನ್ನ ಕಣ್ಣಮುಂದೆ ಇದ್ದದ್ದು ಆಕ್ಸ್‌ಕ್ಲಫ್‌ನ ಮಂಜು ಮುಸುಕಿದ ಇಳಿಜಾರು, ಪಾಳಿ ಬಿಟ್ಟು ಇಳಿದು ಬರುತ್ತಿದ್ದ ಬೇರೆ ಬೇರೆ ಗಿರಣಿಗಳ ಹೆಂಗಸರು. ಅಲ್ಲಿಯವರ ಹಾಗೆ, ಮೋಡ್‌ಗೆ ಹತ್ತಿರವಾಗಿ, ಮಾಡ್ ಎನ್ನಲು ತುಟಿ ಒಮ್ಮೆ ಮುಚ್ಚಬೇಕು, ಆಮೇಲೆ ಗುಂಡಗೆ ತೆರೆಯಬೇಕು. ಅಷ್ಟೇ ಗುರುತು. ಮ ಆದರೂ ಬ ಆದರೂ ಪ ಆದರೂ ತುಟಿ ಮುಚ್ಚುವುದು ಒಂದೇ ರೀತಿ. ಬೇಕರಿಯ ಮುಂದೆ ಕೆಂಪು ಸ್ಕಾರ್ಫಿನವಳು ಎದುರು ರಸ್ತೆಗೆ ಏನೋ ಕೂಗುತ್ತಿದ್ದಾಳೆ, ತುಟಿ ಮುಚ್ಚಿ ಗುಂಡಗಾಯಿತು. ಅವಳು ಕರೆದದ್ದು ಯಾರನ್ನು? ಎದುರು ರಸ್ತೆಯಲ್ಲಿ ತಿರುಗಿ ನೋಡಿದವಳು ಒಬ್ಬಳಿದ್ದಾಳೆ, ಕುಳ್ಳಿ, ತಲೆಗೆ ಹತ್ತಿಯ ಎಳೆ ಅಂಟಿಕೊಂಡಿದೆ. ಮುಖ ಇನ್ನೂ ಕಾಣುತ್ತಿಲ್ಲ. ಪಾರ್ಕಿನ ಸುತ್ತು ಮುಗಿಯಿತು. ಮನೆಯ ಕಡೆ ತಿರುಗದೆ ಇನ್ನೊಂದು ಸುತ್ತು ಹೊರಟೆ.